ಕಿವಿ ಮುಚ್ಚಿದ ಕೂದಲು

ನನ್ನ ಗಂಡನ ಕೂದಲು ಕಿವಿಯ ಮೇಲೆ ಇಳಿದದ್ದನ್ನು ಮೊದಲು ಗಮನಿಸಿದವಳು ನಾನಲ್ಲ. ಓಣಿಯಲ್ಲಿ ಯಾರ ಮನೆಗೆ ಯಾರು ಬಂದರು, ಬಂದವರ ಕೈಯಲ್ಲಿ ಏನಿತ್ತು ಎಂದು ಕಿಟಕಿಯ ಹಿಂದೆ ನಿಂತೇ ಹೇಳುತ್ತಿದ್ದ ನನಗೆ ನನ್ನದೇ ಮನೆಯ ತಲೆ ಕಾಣಿಸಿರಲಿಲ್ಲ. ಒಂದು ಬೆಳಿಗ್ಗೆ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದೆ. ಎದುರುಮನೆಯ ಮುದುಕಿ ನನ್ನ ಸೊಂಟದ ಕಡೆ ಕಣ್ಣು ಹಾಯಿಸಿ, ಧ್ವನಿ ತಗ್ಗಿಸಿ ಕೇಳಿದಳು.

"ಎಷ್ಟರಾಗ ಐತೆವಾ?"

"ಏನ್ ಎಷ್ಟರಾಗ?"

"ನಮ್ಮ ಮುಂದ ಏನ್ ಮುಚ್ಚಿಡತೀ? ನಿನ್ನ ಗಂಡನ ತಲೀನ ಹೇಳಾಕತ್ತೈತಲ್ಲ."

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ನಮ್ಮ ಕಡೆ ಹೆಂಡತಿ ಬಸುರಿಯಾದಳೆಂದರೆ ಹೆರಿಗೆಯಾಗುವ ತನಕ ಗಂಡ ತಲೆಗೆ ಕತ್ತರಿ ಹಚ್ಚಿಸುವುದಿಲ್ಲ. ಗಡ್ಡ ತೆಗೆಸಬಹುದು, ಅದಕ್ಕೆ ಅಡ್ಡಿಯಿಲ್ಲ. ಕೂದಲು ಮಾತ್ರ ಬೆಳೆಯುತ್ತಲೇ ಇರಬೇಕು. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು, ಆದರೆ ಮೀರಿ ನಡೆದವರನ್ನು ನಾನು ಕಂಡಿರಲಿಲ್ಲ. ಹೀಗಾಗಿ ಬಸುರಿನ ಸುದ್ದಿ ಹೆಂಗಸಿನ ಹೊಟ್ಟೆಗಿಂತ ಮೊದಲು ಗಂಡಸಿನ ತಲೆಯ ಮೇಲೆ ಕಾಣಿಸುತ್ತಿತ್ತು. ಬಜಾರಿನಲ್ಲಿ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟವನು ಎದುರಾದರೆ ಅವನ ಮನೆಯಲ್ಲಿ ಅಟ್ಟದಿಂದ ತೊಟ್ಟಿಲು ಇಳಿಸುತ್ತಿದ್ದಾರೆ ಎಂದು ತಿಳಿದುಕೊಳ್ಳಬೇಕು, ಅಷ್ಟೇ.

ನಾನು ಬಸುರಿಯಾಗಿರಲಿಲ್ಲ. ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ನಲ್ಲಿ ನಿಲ್ಲಿಸುವುದು ನನಗೆ ನೆನಪಾಗಲಿಲ್ಲ. ನಾನು ಬಸುರಿಯಲ್ಲ, ನನ್ನ ಗಂಡನ ಕೂದಲು ಬೆಳೆದಿದೆ. ಹಾಗಾದರೆ ಬಸುರಿಯಾದವಳು ಯಾರು?

ಇದು ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗಿನ ಮಾತು. ನಾವಿದ್ದದ್ದು ಅಕ್ಕಿಆಲೂರಿನಲ್ಲಿ, ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ. ಗಿರಣಿಯ ತೌಡಿನ ಧೂಳು ನಾವು ಒಣಹಾಕಿದ ಬಟ್ಟೆಯ ಮೇಲೆಲ್ಲ ಕೂರುತ್ತಿತ್ತು. ನನ್ನ ಗಂಡ ರೆಡಿಮೇಡ್ ಬಟ್ಟೆಯ ಸಂತೆ ವ್ಯಾಪಾರಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ಒಂದೊಂದು ದಿನ ಒಂದೊಂದು ಊರು. ಬೆಳಗಿನ ಬಸ್ಸಿನ ಮೇಲೆ ಗಂಟು ಏರಿಸಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು, ಬಸ್ಸು ತಪ್ಪಿದರೆ ಮರುದಿನ. ಸಂತೆಯಲ್ಲಿ ಗಂಟಲು ಹರಿಯುವಂತೆ ಕೂಗುವ ಮನುಷ್ಯ ಮನೆಗೆ ಬಂದರೆ ಬಾಯಿಗೆ ಬೀಗ. ಮಾತನಾಡದ ಗಂಡಸಿನ ಮೇಲೆ ಅನುಮಾನ ಪಡುವುದು ಬಲು ಸುಲಭ, ಯಾಕೆಂದರೆ ಅವನ ಮಾತುಗಳನ್ನೂ ನಾವೇ ಬರೆದುಕೊಳ್ಳಬಹುದು.

ಮದುವೆಯಾಗಿ ಹಲವು ವರ್ಷ ಕಳೆದರೂ ನಮಗೆ ಮಕ್ಕಳಾಗಿರಲಿಲ್ಲ. ಅತ್ತೆಗೆ ಇವರು ಒಬ್ಬರೇ ಮಗ. ಮೊದಮೊದಲು ಹರಕೆ, ಆಮೇಲೆ ಔಷಧಿ, ಅದೂ ಮುಗಿದ ಮೇಲೆ ನನ್ನ ಎದುರಿಗೇ ಮಾತು ತೆಗೆದರು. "ಇನ್ನೊಂದ ಮಾಡ್ಕೊಳ್ಳೋ. ಇಕೀನೂ ಇರಲಿ, ಅಕೀನೂ ಬರಲಿ. ನಾ ಏನ ಇಕೀನ ಹೊರಗ ಹಾಕಂತೇನಿ?" ಹಂಸಭಾವಿಯಲ್ಲಿ ದೂರದ ಸಂಬಂಧದ ಒಂದು ಹುಡುಗಿ ಇದ್ದಳು. ಅವಳ ಅಪ್ಪನಿಗೆ ಒಪ್ಪಿಗೆ ಇತ್ತು. ಹಂಗೆಲ್ಲ ಎರಡು ಮದುವೆಗೆ ಕಾಯ್ದೆ ಬಿಡುವುದಿಲ್ಲ ಎಂದು ನಾನೊಮ್ಮೆ ಅಂದೆ. "ಕಾಯ್ದೆ ನಮ್ಮ ಓಣಿಗೆ ಇನ್ನೂ ಬಂದಿಲ್ಲವಾ," ಎಂದರು ಅತ್ತೆ. ನನ್ನ ಗಂಡ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಗಂಟು ಹೊತ್ತು ಹೊರಟರು. ಅವರು ಹೊರಟದ್ದು ಹಿರೇಕೆರೂರು ಸಂತೆಗೆ. ಹಂಸಭಾವಿ ಅದೇ ದಾರಿಯಲ್ಲಿದೆ.

ಈಗ ಅದೆಲ್ಲ ಒಂದಕ್ಕೊಂದು ಕೂಡಿಕೊಂಡಿತು. ಆ ದಿನ ಅವರು ಊಟಕ್ಕೆ ಕೂತಾಗ ಹಿಂದೆ ನಿಂತು ತಲೆಯನ್ನು ಸರಿಯಾಗಿ ನೋಡಿದೆ. ಕೂದಲು ಕಿವಿಯ ಅರ್ಧ ಮುಚ್ಚಿ, ಕುತ್ತಿಗೆಯ ಹಿಂದೆ ಅಂಗಿಯ ಕಾಲರಿಗೆ ತಾಗುತ್ತಿತ್ತು. ಅಲ್ಲಲ್ಲಿ ಬಿಳಿ ಎಳೆ ಬೇರೆ.

"ಕಟಿಂಗ್ ಯಾಕ ಮಾಡಿಸವಲ್ರಿ?"

"ಪುರುಸೊತ್ತಿಲ್ಲ."

"ಗಡ್ಡಕ್ಕ ಪುರುಸೊತ್ತ ಐತಿ, ತಲಿಗಿಲ್ಲೇನು?"

"ತಲಿ ದೊಡ್ಡದೈತಿ," ಎಂದು ಕೈ ತೊಳೆದು ಎದ್ದರು.

ನಾನು ಅಷ್ಟಕ್ಕೆ ಬಿಡುವವಳಲ್ಲ. ನಮ್ಮ ಓಣಿಯ ಕಟಿಂಗ್ ಅಂಗಡಿಯವನನ್ನು ದಾರಿಯಲ್ಲೇ ತಡೆದು ಕೇಳಿದೆ. "ನಾ ಕತ್ತರಿ ತಗೊಂಡಿದ್ನಿರಿ ಅಕ್ಕಾರ," ಎಂದ ಅವನು. "ಅಣ್ಣಾರು ನನ್ನ ಕೈ ಹಿಡದು, ಅದೊಂದ ಬ್ಯಾಡಪಾ ಅಂದ್ರು. ನಮಗೂ ತಿಳೀತೈತ್ರಿ, ನಾ ಏನ ಹೊರಗ ಹೇಳಾಂವಲ್ಲ." ಹೇಳುವವನಲ್ಲ ಅನ್ನುತ್ತಲೇ ನಕ್ಕ. ಅಂದರೆ ಇದು ಮರೆವಲ್ಲ, ಸೋಮಾರಿತನವೂ ಅಲ್ಲ. ಬೇಕೆಂದೇ ಬೆಳೆಸಿದ ಕೂದಲು.

ಅದಕ್ಕಿಂತ ಹೆಚ್ಚು ನನ್ನನ್ನು ಸುಟ್ಟದ್ದು ಅತ್ತೆಯ ರೀತಿ. ಹಂಸಭಾವಿಯ ಹೆಸರು ಅವರ ಬಾಯಲ್ಲಿ ಬರುವುದೇ ನಿಂತುಹೋಯಿತು. ನನ್ನ ರೊಟ್ಟಿಯ ಮೇಲೆ ತುಪ್ಪ ಬೀಳತೊಡಗಿತು. ದೊಡ್ಡ ಕೊಡ ಎತ್ತಲು ಹೋದರೆ "ಇರಲಿ ಬಿಡ, ನಾ ತರತೇನಿ" ಎಂದು ಮುಂದೆ ಬರುತ್ತಿದ್ದರು. ಮದುವೆಯಾದಂದಿನಿಂದ ನನ್ನ ಸೊಂಟದ ಮೇಲೆ ಎರಡೆರಡು ಕೊಡ ಹೊರಿಸಿದ ಹೆಂಗಸು! ಒಳಗೆ ಅಳುಕು ಇಲ್ಲದವರು ಹೀಗೆಲ್ಲ ಮಾಡುವುದಿಲ್ಲ. ಮಗನೂ ತಾಯಿಯೂ ಕೂಡಿಯೇ ಆ ಕೆಲಸ ಮುಗಿಸಿದ್ದಾರೆ, ಈಗ ನನ್ನ ಬಾಯಿಗೆ ತುಪ್ಪ ಸವರುತ್ತಿದ್ದಾರೆ ಎಂದುಕೊಂಡೆ. ಆದರೂ ತುಪ್ಪ ಬಿಡಲಿಲ್ಲ, ತಿಂದೆ.

ಮಧ್ಯಾಹ್ನ ಅತ್ತೆ ಹಳೆಯ ಸೀರೆಗಳನ್ನು ಹರಿದು ಹೊಸ್ತಿಲ ಬಳಿ ಕೂತು ಕೌದಿ ಹೊಲಿಯುತ್ತಿದ್ದರು. ನೋಡಿದರೆ ಅದು ದೊಡ್ಡವರು ಹೊದೆಯುವ ಅಳತೆಯದಲ್ಲ, ಮೊರದಷ್ಟು ಅಗಲ.

"ಯಾರಿಗ್ರಿ ಅತ್ತಿ ಅದು?"

"ಥಂಡಿ ಬರತೈತಲ್ಲ," ಎಂದರು, ಸೂಜಿಯಿಂದ ಕಣ್ಣೆತ್ತದೆ.

ಅಷ್ಟು ಸಣ್ಣ ಥಂಡಿ ಯಾರಿಗೆ ಬರುತ್ತದೆ ಎಂದು ನನಗೆ ತಿಳಿಯದೇ? ಹಂಸಭಾವಿಯ ಕೂಸಿಗೆ ನನ್ನ ಕಣ್ಣೆದುರಿಗೇ ಕೌದಿ ಹೊಲಿಯುತ್ತಿದ್ದಾರೆ.

ಆಮೇಲೆ ಗಂಟು. ಶಿಗ್ಗಾಂವಿ ಸಂತೆಯಿಂದ ಅವರು ತಂದಿಟ್ಟ ಬಟ್ಟೆಯ ಗಂಟನ್ನು ಬಿಚ್ಚಿದೆ. ಅಂಗಿ, ಚಡ್ಡಿ, ಲಂಗಗಳ ನಡುವೆ ಮುತ್ತಲ ಎಲೆಯ ಒಂದು ಪುಟ್ಟ ಪೊಟ್ಟಣ. ಅದರಲ್ಲಿ ಚಿಗಳಿ. ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ ಉಂಡೆ ಮಾಡಿದ್ದು. ಬಸುರಿ ಹೆಂಗಸರು ಬಾಯಿ ಚಪ್ಪರಿಸಿ ತಿನ್ನುವಂಥದು. ಅರ್ಧ ಯಾರೋ ತಿಂದಿದ್ದರು. ಅದರ ಕೆಳಗೆ ಮಡಿಸಿಟ್ಟ ಒಂದು ಖಣ, ಅಂದರೆ ಕುಬಸ ಅಥವಾ ರವಿಕೆ ಹೊಲಿಸುವ ಬಟ್ಟೆ. ಕೆಂಪು ಅಂಚಿನ ಹಸಿರು ಖಣ. ನಮ್ಮಲ್ಲಿ ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡುವಾಗ ಹಸಿರು ಸೀರೆ, ಹಸಿರು ಬಳೆ, ಹಸಿರು ಖಣ ಕೊಡುತ್ತಾರೆ. ಇವರು ಮಾರುವುದು ಗಂಡಸರ, ಮಕ್ಕಳ ಉಡುಪು. ಖಣ ಎಂದೂ ಮಾರಿದವರಲ್ಲ.

ಅದನ್ನು ಇದ್ದ ಹಾಗೆಯೇ ಮಡಿಸಿ ಒಳಗಿಟ್ಟೆ. ಜಗಳ ಆಡಬಹುದಿತ್ತು, ಆದರೆ ಮಾತು ಕಡಿಮೆ ಇರುವವರು ಸುಳ್ಳು ಹೇಳಿದರೆ ಹಿಡಿಯುವುದು ಕಷ್ಟ. ನನಗೆ ಕಣ್ಣಾರೆ ಕಾಣಬೇಕಿತ್ತು. ಮರುದಿನ ಸಂಜೆ ಮತ್ತೆ ಗಂಟು ಬಿಚ್ಚಿದಾಗ ಚಿಗಳಿ ಇರಲಿಲ್ಲ, ಖಣವೂ ಇರಲಿಲ್ಲ. ಸೇರಬೇಕಾದವಳಿಗೆ ಸೇರಿತು ಎಂದುಕೊಂಡೆ. ಆ ಹೊತ್ತು ನನಗೆ ಅಳುವೇನೂ ಬರಲಿಲ್ಲ. ಅವಳು ಆ ಕುಬಸ ತೊಟ್ಟು ಕನ್ನಡಿ ಮುಂದೆ ನಿಂತದ್ದು ಮಾತ್ರ ಎದುರಿಗೆ ಇದ್ದಂತೆ ಕಾಣಿಸಿತು.

ಮುಂದಿನ ಹಿರೇಕೆರೂರು ಸಂತೆಯ ದಿನ ಇವರು ಹೊರಟು ಹೋದ ಮೇಲೆ ನಾನು ಅತ್ತೆಗೆ, ತವರಿಗೆ ಹೋಗಿ ಸಂಜೆಯೊಳಗೆ ಬರುತ್ತೇನೆ ಎಂದೆ. ತವರಿಗೆ ಎಂದರೆ ಮುಖ ಗಂಟಿಕ್ಕುತ್ತಿದ್ದವರು ಅಂದು ಬಾಗಿಲ ತನಕ ಬಂದರು. "ಹಿಂದಿನ ಸೀಟಿನ್ಯಾಗ ಕುಂದರಬ್ಯಾಡ ಯವ್ವಾ. ಭಾಳ ಕುಲಕಾಡತೈತಿ." ನನ್ನನ್ನು ಮನೆಯಿಂದ ಕಳಿಸಲು ಇಷ್ಟೊಂದು ಅಕ್ಕರೆಯೇ ಎಂದು ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಬೇಕೆಂದೇ ಹಿಂದಿನ ಸೀಟಿನಲ್ಲಿ ಕೂತೆ. ಹಂಸಭಾವಿಯಲ್ಲಿ ಬಸ್ಸು ನಿಂತಾಗ ಕಾಣಿಸಿದ ಮನೆಗಳ ಬಾಗಿಲನ್ನೆಲ್ಲ ನೋಡಿದೆ. ಹಸಿರು ಕುಬಸದವಳು ಯಾರೂ ಹೊರಗೆ ಬರಲಿಲ್ಲ.

ಹಿರೇಕೆರೂರಿನ ಸಂತೆಯಲ್ಲಿ ಮೆಣಸಿನಕಾಯಿ ಚೀಲಗಳ ಮರೆಗೆ ನಿಂತು ಇವರನ್ನು ಹುಡುಕಿದೆ. ಕೂಗಿನಿಂದಲೇ ಸಿಕ್ಕರು. ಮಕ್ಕಳ ಅಂಗಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂಗುತ್ತಿದ್ದರು, ಕೂದಲು ಗಾಳಿಗೆ ಕಣ್ಣಿಗೆ ಬೀಳುತ್ತಿತ್ತು. ಪಕ್ಕದಲ್ಲಿ ಬಳೆ ಹರಡಿಕೊಂಡು ಕೂತ ಒಬ್ಬ ಹೆಂಗಸು. ಅವಳಿಗೆ ನನ್ನ ತಾಯಿಯ ವಯಸ್ಸು. ಅವಳ ಜೊತೆ ಇವರು ಏನೋ ಅಂದು ನಕ್ಕರು. ಮನೆಯಲ್ಲಿ ನಗದ ಮನುಷ್ಯ. ನಾನು ಮೆಣಸಿನಕಾಯಿಯ ಘಾಟಿಗೆ ಸೀನಿದೆ.

ಇವರು ತಿರುಗಿ ನೋಡಿದರು. ಎತ್ತಿ ಹಿಡಿದ ಅಂಗಿ ಹಾಗೆಯೇ ಕೈಯಲ್ಲಿ ನಿಂತಿತು. ನಾನು ಸೆರಗು ಸೊಂಟಕ್ಕೆ ಸಿಗಿಸಿ ಮುಂದೆ ಬಂದೆ. ಆಡಬೇಕಾದ ಮಾತನ್ನೆಲ್ಲ ಬಸ್ಸಿನಲ್ಲೇ ಕೂಡಿಸಿಕೊಂಡಿದ್ದೆ. ಆದರೆ ನಾನು ಬಾಯಿ ತೆರೆಯುವ ಮೊದಲು ಬಳೆಗಾರ್ತಿ ಎದ್ದು ನನ್ನ ಎರಡೂ ಕೈ ಹಿಡಿದಳು.

"ಇಕೀನ ಏನೋ ತಮ್ಮಾ ನಿನ್ನ ಹೇಣ್ತಿ? ಇಂಥಾದ್ರಾಗ ಬಸ್ಸಿನ್ಯಾಗ ಬರಬಾರದವಾ. ಕುಂದರ ಬಾ." ನನ್ನನ್ನು ತನ್ನ ಚಾಪೆಯ ಮೇಲೆ ಕೂರಿಸಿ, ಮಗ್ಗುಲಿನ ಅಂಗಡಿಯವನಿಗೆ ನೀರು ತರಲು ಹೇಳಿದಳು. ಆಮೇಲೆ ನನ್ನ ಕೈ ಒತ್ತಿ ಅಳತೆ ನೋಡುತ್ತ ಕೇಳಿದಳು. "ನಾ ಕೊಟ್ಟ ಖಣ ಹೊಲಿಸಿದೆಲ್ಲ? ಚಿಗಳಿ ಹ್ಯಾಂಗಿತ್ತು? ಸವಣೂರಾಗ ನಮ್ಮ ಮನ್ಯಾಗ ಕುಟ್ಟಿದ್ದವಾ. ಕುಬಸದ ದಿನ ಹಸರ ಬಳಿ ನಾನ ಬಂದ ಇಡಸ್ತೇನಿ, ಬ್ಯಾರೇದಾವ್ರ ಕಡೆ ಇಡಿಸಿಗೋಬ್ಯಾಡ ಮತ್ತ."

ಖಣ ನನಗೆ. ಚಿಗಳಿ ನನಗೆ. ಇಷ್ಟು ದಿನ ನಾನು ಹುಡುಕುತ್ತಿದ್ದ ಬಸುರಿ ನಾನೇ. ನಾನು ಮೊದಲಿನಿಂದಲೂ ದುಂಡಗಿನವಳು, ಮೇಲೆ ಅತ್ತೆಯ ತುಪ್ಪ ಬೇರೆ. ನನ್ನ ಹೊಟ್ಟೆ ನೋಡಿ ಆ ಹೆಂಗಸಿಗೆ ಯಾವ ಸಂಶಯವೂ ಬರಲಿಲ್ಲ. ಇವರ ಕಡೆ ನೋಡಿದೆ. ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು.

"ಚಲೋ ಇತ್ರೀ ಅಕ್ಕಾರ," ಎಂದೆ ನಾನು, ಮತ್ತು ಬೆನ್ನಿಗೆ ಕೈ ಕೊಟ್ಟು ಸ್ವಲ್ಪ ನರಳಿದೆ.

ಬಳೆಗಾರ್ತಿ ಸಮಾಧಾನದಿಂದ ಕೂತು ಮಿಕ್ಕದ್ದನ್ನೂ ಹೇಳಿದಳು. "ದೇವರ ಕಣ್ಣ ತೆಗದಾ ನೋಡು. ಹಂಸಭಾವಿಯಾಂವ ಒಬ್ಬ ಇಲ್ಲಿಗೇ ಬಂದಿದ್ದ, ಮಗಳನ್ನ ಕೊಡತೇನಂತ. ಇವನ ತಲಿ ನೋಡಿದಾ, ಮಾತಾಡದ ತಿರುಗಿ ಹೋದಾ. ಬಸರಿ ಸವತಿ ಮ್ಯಾಲ ಯಾವ ಅಪ್ಪ ಹೆಣ್ಣ ಕೊಡತಾನ?"

ಮರಳುವ ಬಸ್ಸಿನಲ್ಲಿ ಗಂಟು ಇಬ್ಬರ ನಡುವೆ ಇತ್ತು. ಹಂಸಭಾವಿ ದಾಟಿದ ಮೇಲೆ ನಾನೇ ಕೇಳಿದೆ.

"ಯಾಕ ಹಿಂಗ ಮಾಡಿದ್ರಿ?"

"ಅವ್ವಗ ಒಲ್ಲೆ ಅಂದ್ರ ಅಳತಾಳ. ಹೂಂ ಅಂದ್ರ ನೀ ಅಳತಿ." ಕಿಟಕಿಯ ಹೊರಗೆ ನೋಡುತ್ತ ಹೇಳಿದರು. "ನಾ ಯಾರ ಮುಂದೂ ಸುಳ್ಳ ಹೇಳಿಲ್ಲ. ಕೂದಲಾ ತಗಸಲಿಲ್ಲ, ಅಷ್ಟ. ಅವರ ತಿಳಕೊಂಡ್ರು."

"ನನಗರ ಹೇಳಬೇಕಿತ್ತಲ್ರಿ."

"ನಿನಗ ಹೇಳಿದ್ರ ನಿನ್ನ ಮಾರಿ ಮ್ಯಾಲ ಬರತೈತಿ. ಅವ್ವ ಓದತಾಳ."

ಆ ಮಾತು ನಿಜ. ನನ್ನ ಮುಖದಲ್ಲಿ ಏನೂ ನಿಲ್ಲುವುದಿಲ್ಲ. ಆಗಲೇ ಅತ್ತೆಯ ತುಪ್ಪವೂ ಕೊಡವೂ ಕೌದಿಯೂ ನನಗೆ ಬೇರೆಯಾಗಿ ಕಂಡವು. ನಮ್ಮ ಮನೆಯಲ್ಲಿ ಮುಟ್ಟಾದವರು ಹೊರಗೆ ಕೂರುವ ಪದ್ಧತಿ ಇರಲಿಲ್ಲ, ಹಾಗಾಗಿ ನನ್ನ ತಿಂಗಳುಗಳು ಅವರಿಗೆ ಗೊತ್ತಾಗುವ ದಾರಿಯಿರಲಿಲ್ಲ. ಮಗನ ತಲೆ ನೋಡಿ ನಂಬಿದ್ದರು. ದೃಷ್ಟಿಯಾದೀತೆಂದು ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ. ಖಣ ಎಲ್ಲಿ ಹೋಯಿತು ಎಂದು ಕೇಳಿದೆ. ಚಿಗಳಿಯನ್ನು ತಾವೇ ತಿಂದು ಮುಗಿಸಿದ್ದಾಗಿ ಒಪ್ಪಿಕೊಂಡರು. ಖಣವನ್ನು ನಾನೇ ತೆಗೆದುಕೊಂಡಿದ್ದೇನೆ ಎಂದು ತಿಳಿದಿದ್ದರಂತೆ. ನಾನು ನಂಬಲಿಲ್ಲ. ಗಂಡಸು ಒಂದು ವಿಷಯದಲ್ಲಿ ಸಾಚಾ ಎಂದು ಗೊತ್ತಾದ ಮಾತ್ರಕ್ಕೆ ಎಲ್ಲದರಲ್ಲೂ ಸಾಚಾ ಎಂದು ತಿಳಿಯಬೇಕಾಗಿಲ್ಲ.

ಗಂಡಸರ ಉಪಾಯ ಅರ್ಧ ದಾರಿಗೆ ಮುಗಿದುಹೋಗುತ್ತದೆ. ಮುಂದೆ ಏನು ಎಂದು ಕೇಳಿದರೆ ಇವರು ಗಂಟಿನ ಹಗ್ಗ ಬಿಗಿಯತೊಡಗಿದರು. ಕೂದಲು ಬೆಳೆಯುತ್ತಿತ್ತು, ಕೂಸು ಬೆಳೆಯುತ್ತಿರಲಿಲ್ಲ. ಇವತ್ತು ಕತ್ತರಿ ಹಚ್ಚಿಸಿದರೆ ನಾಳೆ ಓಣಿಯವರೆಲ್ಲ ಬಸುರು ಇಳಿಯಿತೆಂದು ಅಳಲು ಬರುತ್ತಾರೆ. ಅದರ ಹಿಂದೆಯೇ ಹಂಸಭಾವಿಯವನು, ಅವನಲ್ಲದಿದ್ದರೆ ಇನ್ನೊಬ್ಬ ಹೆಣ್ಣಿನಪ್ಪ. ಹಚ್ಚಿಸದಿದ್ದರೆ ಹೆರಿಗೆಯ ದಿನ ಬರಬೇಕು. ಈ ತಲೆಯನ್ನು ಏನು ಮಾಡಿದರೆ ನಾನು ಆ ಮನೆಯಲ್ಲಿ ಒಬ್ಬಳೇ ಸೊಸೆಯಾಗಿ ಉಳಿಯುತ್ತೇನೆ ಎಂಬುದೇ ನನಗೆ ಉಳಿದ ಪ್ರಶ್ನೆ.

ಹೊಳೆದದ್ದು ಕೆಲವು ದಿನಗಳ ಮೇಲೆ, ಸಾಮಾನು ತರಲು ಹೋಗಿದ್ದಾಗ, ಹಾನಗಲ್ಲ ಬಸ್ ಸ್ಟ್ಯಾಂಡಿನಲ್ಲಿ. ಹುಬ್ಬಳ್ಳಿಯ ಬಸ್ಸಿನಿಂದ ಕೆಲವು ಹುಡುಗರು ಇಳಿದರು. ಕಾಲ ಕೆಳಗೆ ಗುಡಿಸುವಂಥ ಪ್ಯಾಂಟು, ಭುಜದ ತನಕ ಕೆದರಿದ ಕೂದಲು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಎಲೆಯಡಿಕೆ ಉಗುಳಿ, "ಇಂಥಾವ್ರಿಗೆ ಯಾರ ಹೆಣ್ಣ ಕೊಡತಾರೋ ಏನೋ," ಎಂದರು. ಅವರಲ್ಲಿ ಯಾರಿಗೂ ಯಾರೂ ಎಷ್ಟನೇ ತಿಂಗಳು ಎಂದು ಕೇಳಲಿಲ್ಲ. ಅದೂ ಉದ್ದ ಕೂದಲೇ, ಅರ್ಥ ಮಾತ್ರ ಬೇರೆ.

ಮುಂದಿನ ಸವಣೂರು ಸಂತೆಗೆ ನಾನೂ ಹೋದೆ. ಬಳೆಗಾರ್ತಿಗೆ ನಿಜ ಹೇಳಿದೆ. ಅವಳ ಸಹಾಯ ಬೇಕಿತ್ತು, ಮತ್ತು ಅವಳ ಖಣದ ಋಣ ನನ್ನನ್ನು ಚುಚ್ಚುತ್ತಿತ್ತು. ಅವಳು ಹಿಡಿದಿದ್ದ ನನ್ನ ಕೈಯನ್ನು ಇನ್ನಷ್ಟು ಒತ್ತಿದಳು. ಆಮೇಲೆ ಎದ್ದು ನಮ್ಮಿಬ್ಬರನ್ನೂ ತನ್ನ ತಮ್ಮನ ಸಲೂನಿಗೆ ಕರೆದುಕೊಂಡು ಹೋದಳು. ಅವನು ಮುಂಬೈಯಲ್ಲಿ ಕೆಲಸ ಮಾಡಿ ಬಂದವನು. ಹೆಂಗಸರು ಕಾಲಿಡುವ ಜಾಗವಲ್ಲ ಅದು. ನಾನು ಬಾಗಿಲ ಪರದೆ ಸರಿಸಿ ಹೊಸ್ತಿಲ ಮೇಲೆ ನಿಂತೆ. ಒಳಗೆ ಕಾದು ಕೂತವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ಕನ್ನಡಿಯ ಮೇಲೆ ಸಾಲಾಗಿ ಗಂಡಸರ ತಲೆಗಳ ಚಿತ್ರ. ಸಲೂನಿನವನು ಇವರ ಕುತ್ತಿಗೆಗೆ ಬಟ್ಟೆ ಕಟ್ಟಿ, "ಸಾದಾ ಮಾಡತೇನ್ರಿ ಅಣ್ಣಾರ," ಎಂದ.

"ಸಾದಾ ಬ್ಯಾಡ," ಎಂದೆ ನಾನು ಹೊಸ್ತಿಲಿಂದ. ಒಂದು ಚಿತ್ರದ ಕಡೆ ಬೆರಳು ತೋರಿಸಿದೆ. ನೆತ್ತಿಯ ಮೇಲೆ ಗಿಡ್ಡ, ಕೆಳಗಿಳಿದಂತೆ ಮೆಟ್ಟಿಲು ಮೆಟ್ಟಿಲಾಗಿ ಉದ್ದ, ಕಿವಿ ಪೂರಾ ಮುಚ್ಚಿ, ಕುತ್ತಿಗೆಯ ಹಿಂದೆ ಹರಕುಮುರುಕಾಗಿ ಕೆದರಿದ ತಲೆ. "ಅದು ಯಾವ ಕಟಿಂಗು?"

"ಹಿಪ್ಪಿ ಸ್ಟೆಪ್ ಅಂತಾರ್ರೀ. ಕಾಲೇಜ್ ಹುಡುಗರು ಮಾಡಸ್ಕೋತಾರ." ಅವನ ಕಣ್ಣಲ್ಲಿ ಅನುಮಾನ ಬಂತು. ಗಂಡನಿಗೆ ಇಂಥದ್ದು ಕೇಳುವ ಹೆಂಡತಿಯನ್ನು ಅವನು ಮುಂಬೈಯಲ್ಲೂ ಕಂಡಿರಲಿಕ್ಕಿಲ್ಲ.

"ಅವರು ಕನ್ಯಾ ನೋಡಾಕ ಹಿಂಗ ಹೊಕ್ಕಾರೇನು?"

"ಇಲ್ರಿ. ಕನ್ಯಾ ನೋಡಾಕ ಹೋಗೂ ಹಿಂದಿನ ದಿನ ಸಣ್ಣಗ ಮಾಡಸಾಕ ಬರತಾರ. ಹಿಂಗ ಹೋದ್ರ ಹೆಣ್ಣಿನಾವ್ರು ಚಹಾನೂ ಕೊಡೂದಿಲ್ಲ."

"ಹಂಗಾರ ಅದನ್ನ ಮಾಡ್ರಿ."

ಅವನು ಕತ್ತರಿ ಎತ್ತಿದ. ನನ್ನ ಗಂಡ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು, ಕಣ್ಣು ಮುಚ್ಚಿದರು. ಮೊದಲ ಎಳೆ ನೆಲಕ್ಕೆ ಬಿದ್ದಾಗ ನನಗೆ ತಡೆಯದಷ್ಟು ಅಳು ಬಂತು. ಇಲ್ಲದ ಕೂಸು ಅದು, ನನಗೆ ಗೊತ್ತಿತ್ತು. ಆದರೂ ಕೆಲವು ತಿಂಗಳು ನಾಲ್ಕು ಸಂತೆಯವರು ಅದಕ್ಕಾಗಿ ಕಾದಿದ್ದರು, ಚಿಗಳಿ ಕುಟ್ಟಿದ್ದರು. ಬಳೆಗಾರ್ತಿ ಪರದೆ ಎಳೆದು ನನ್ನನ್ನು ಹೊರಗೆ ಕೂರಿಸಿಕೊಂಡಳು.

ಕತ್ತರಿಸಿ ಮುಗಿದ ಮೇಲೆ ಮತ್ತೆ ಒಳಗೆ ಇಣುಕಿದೆ. ಕಟಿಂಗು ಚಿತ್ರದಂತೆಯೇ ಇತ್ತು, ಕೆಳಗಿನ ಮುಖ ಮಾತ್ರ ಸಂತೆ ವ್ಯಾಪಾರಿಯದು. ಆದರೂ ನನಗೆ ಧೈರ್ಯ ಸಾಲಲಿಲ್ಲ. ಉದ್ದ ಉದ್ದವೇ, ಯಾರಾದರೂ ಇನ್ನೂ ಬಸುರಿನ ಕೂದಲೆಂದೇ ತಿಳಿದರೆ?

"ಬಣ್ಣಾನೂ ಹಚ್ರಿ," ಎಂದೆ.

"ಕರೇದೇನ್ರಿ?"

"ಕೆಂಪ."

ಸಲೂನಿನವನು ಅಕ್ಕನ ಮುಖ ನೋಡಿದ. "ಮೆಹೆಂದಿ ನಾವು ಮುದುಕರ ದಾಡಿಗೆ ಹಚ್ಚತೇವ್ರಿ."

"ಇವರ ತಲಿಗೆ ಹಚ್ರಿ. ನೇಮ ಹಿಡಿದ ಕೂದಲಿಗೆ ಯಾರೂ ಬಣ್ಣಾ ಹಚ್ಚೂದಿಲ್ಲ. ಹಚ್ಚಿದ್ರ ಎಲ್ಲಾರಿಗೂ ತಿಳೀತೈತಿ, ಇದು ಬ್ಯಾರೇನ ಅಂತ."

ಆ ದಿನ ಸಂತೆಯಲ್ಲಿ ಇವರ ವ್ಯಾಪಾರವನ್ನು ಬಳೆಗಾರ್ತಿಯೇ ನೋಡಿಕೊಂಡಳು. ಇವರು ತಲೆಗೆ ಮೆಹೆಂದಿ ಮೆತ್ತಿಕೊಂಡು, ಮೇಲೆ ಹಳೇ ಬಟ್ಟೆ ಸುತ್ತಿಕೊಂಡು ಮಧ್ಯಾಹ್ನ ಕಳೆಯುವ ತನಕ ಕೂತರು. ತೊಳೆದು ಬಿಸಿಲಿಗೆ ಬಂದಾಗ ಕರಿಯ ಕೂದಲು ತಾಮ್ರದ ತಂಬಿಗೆಯಂತೆ ಹೊಳೆಯುತ್ತಿತ್ತು, ಬಿಳಿ ಎಳೆಗಳು ಕಿತ್ತಳೆಯಾಗಿದ್ದವು. ಕನ್ನಡಿ ನೋಡಿ ಇವರು ಒಂದೇ ಮಾತು ಕೇಳಿದರು. "ನಿನಗ ಸಮಾಧಾನ ಆತಿಲ್ಲೋ?" ಆಯಿತು ಎಂದೆ.

ಓಣಿಯವರು ನನಗೆ ಸಂತಾಪ ಹೇಳಲು ಬರಲಿಲ್ಲ. ಅದು ಬಸುರಿನ ಕೂದಲೇ ಅಲ್ಲವಂತೆ, ಅವನು ಹಿಪ್ಪಿ ಆಗ್ಯಾನಂತೆ ಎಂದು ನಲ್ಲಿಯ ಹತ್ತಿರ ತೀರ್ಮಾನವಾಯಿತು. ಎದುರುಮನೆಯ ಮುದುಕಿ ನನ್ನನ್ನು ಕರೆದು ಗಂಡನನ್ನು ಬಿಗಿಯಾಗಿ ಹಿಡಿದುಕೊಳ್ಳಲು ಬುದ್ಧಿ ಹೇಳಿದಳು.

ಅತ್ತೆ ಮಾತ್ರ ಬೇರೆ. ನಾವು ಸಂಜೆ ಮನೆ ಸೇರಿದಾಗ ಹೊಸ್ತಿಲಲ್ಲಿ ಕೌದಿ ಹಿಡಿದು ಕೂತಿದ್ದರು. ಮಗನ ತಲೆಯನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಅಂದ್ರ, ಏನೂ ಇಲ್ಲೇನು?"

"ಇಲ್ರೀ ಅತ್ತಿ."

ಸೂಜಿಯನ್ನು ಬಟ್ಟೆಗೆ ಚುಚ್ಚಿ, ಕೌದಿ ಮಡಿಸಿ, ಒಳಗೆ ಹೋಗಿ ಟ್ರಂಕಿನ ಮುಚ್ಚಳ ಹಾಕಿದ ಸದ್ದು ಕೇಳಿಸಿತು. ಮರುದಿನ ನನ್ನ ರೊಟ್ಟಿಯ ಮೇಲೆ ತುಪ್ಪ ಇರಲಿಲ್ಲ. ನಾನು ಅದನ್ನು ಗಮನಿಸಿದೆ, ಮತ್ತು ಇನ್ನೊಂದು ಸಂಬಂಧದ ಮಾತು ಯಾವಾಗ ಏಳುತ್ತದೋ ಎಂದು ಕಾಯತೊಡಗಿದೆ. ಹಂಸಭಾವಿಯ ಹುಡುಗಿಗೆ ಆ ವರ್ಷವೇ ಬೇರೆ ಕಡೆ ಮದುವೆಯಾಯಿತು, ಆದರೆ ಹುಡುಗಿಯರು ಒಂದೇ ಊರಿನಲ್ಲಿ ಹುಟ್ಟುವುದಿಲ್ಲವಲ್ಲ.

ಎಂಬತ್ತರ ದಶಕ ಬಂತು. ಇವರು ಆ ತಲೆಯನ್ನು ಬಿಡಲಿಲ್ಲ. ಬಣ್ಣ ಮಾಸಿದರೆ ಸವಣೂರಿಗೆ ಹೋಗಿ ಮತ್ತೆ ಹಚ್ಚಿಸಿಕೊಂಡು ಬರುತ್ತಿದ್ದರು. ಸಂತೆಯಲ್ಲಿ ಕೆಂಪು ತಲೆಯವನ ಅಂಗಡಿ ಎಂದೇ ಹೆಸರಾಯಿತು, ವ್ಯಾಪಾರಕ್ಕೇನೂ ಕಡಿಮೆಯಾಗಲಿಲ್ಲ. ಇವರಿಗೆ ಅದು ಹಿಡಿಸಿಬಿಟ್ಟಿತ್ತೋ, ನನಗಾಗಿ ಹೊತ್ತುಕೊಂಡಿದ್ದರೋ ಎಂದು ಕೇಳಿದರೆ "ಇರಲಿ ಬಿಡ" ಎಂಬ ಉತ್ತರ. ಅತ್ತೆ ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಾರೆ ಎಂದು ತಿಳಿಯಲು ನಾನು ಅವರ ಮುಖವನ್ನು ಓದುತ್ತಲೇ ಇದ್ದೆ. ಅಲ್ಲಿ ಏನೂ ಬರೆದಿರುತ್ತಿರಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಹತ್ತಿಮತ್ತೂರಿನಿಂದ ಇಬ್ಬರು ಬಂದರು. ಒಬ್ಬ ಸಂಬಂಧ ಕೂಡಿಸುವವನು, ಇನ್ನೊಬ್ಬ ಹುಡುಗಿಯ ಸೋದರಮಾವ. ಯಾರೋ ನಮ್ಮ ಮನೆಯ ಸಂಗತಿ ಹೇಳಿದ್ದರಂತೆ. ಅತ್ತೆ ಅವರನ್ನು ಕೂರಿಸಿ ನನಗೆ ಚಹಾ ಇಡಲು ಹೇಳಿದರು. ನಾನು ಒಲೆಯ ಮುಂದೆ ಕೂತು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅಷ್ಟರಲ್ಲಿ ಇವರು ಸ್ನಾನ ಮಾಡಿ, ತಲೆಗೆ ಟವೆಲ್ ಸುತ್ತಿಕೊಂಡೇ ಪಡಸಾಲೆಗೆ ಬಂದರು. ಒಂದೇ ಒಂದು ಎಳೆಯೂ ಕಾಣಿಸುತ್ತಿರಲಿಲ್ಲ. ಸೋದರಮಾವ ಇವರನ್ನು ಮೇಲಿಂದ ಕೆಳಗೆ ನೋಡಿ, ಮೆಚ್ಚಿಕೆಯಾದವನಂತೆ ತಲೆಯಾಡಿಸಿದ. ನನ್ನ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅತ್ತೆ ಎದ್ದು ಮಗನ ಹತ್ತಿರ ಹೋದರು.

"ಟವೆಲ್ ತಗಿ," ಎಂದರು.

ಇವರು ನಿಂತೇ ಇದ್ದರು. ಅತ್ತೆ ತಾವೇ ಕೈ ಎತ್ತಿ ಟವೆಲ್ ಎಳೆದರು. ಒದ್ದೆ ಕೂದಲು ಕೆಂಪಗೆ, ಹಂತಹಂತವಾಗಿ ಭುಜದ ಮೇಲೆ ಬಿತ್ತು.

"ನೋಡ್ರಿ, ಇದ ನನ್ನ ಮಗನ ತಲಿ," ಎಂದರು ಬಂದವರಿಗೆ. "ಇಂಥಾವಗ ನಿಮ್ಮ ಹುಡಿಗೀನ ಕೊಡತೀರಿ? ನಾನಾಗಿದ್ರ ಕೊಡತಿರಲಿಲ್ಲ. ಒಬ್ಬಾಕಿ ಹ್ಯಾಂಗೋ ಸಂಭಾಳಿಸಾಕತ್ತಾಳ, ಅಷ್ಟ ಸಾಕು. ಚಹಾ ಕುಡದ ಹೋಗ್ರಿ."

ಅವರು ಕುಡಿದು ಹೋದರು. ನಾನು ಚಹಾದ ಕಪ್ಪು ಬಸಿ ತೊಳೆಯುವ ನೆಪದಲ್ಲಿ ಒಳಗೇ ಉಳಿದೆ. ಅತ್ತೆ ಟ್ರಂಕು ತೆಗೆದ ಸದ್ದು. ಆಮೇಲೆ ಬಂದು ಆ ಸಣ್ಣ ಕೌದಿಯನ್ನು ನನ್ನ ತೊಡೆಯ ಮೇಲೆ ಹಾಕಿದರು. "ಥಂಡಿಗೆ ನಿನ್ನ ಮೊಣಕಾಲ ನೋಯತಾವಲ್ಲ. ಹೊಚ್ಚಿಕೋ."

ಅಭ್ಯಾಸಬಲ, ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಹಳೆಯ ಸೀರೆಯ ತುಂಡುಗಳ ನಡುವೆ, ಸರಿಯಾಗಿ ನಟ್ಟನಡುವೆ, ಕೆಂಪು ಅಂಚಿನ ಹಸಿರು ಖಣ ಇತ್ತು. ಸುತ್ತಲೂ ಒತ್ತೊತ್ತಾದ ಹೊಲಿಗೆ. ಬೇರೊಬ್ಬಳು ತೊಟ್ಟು ಹರಿದಿರಬೇಕು ಎಂದು ನಾನು ಎಂದೋ ಕೈಬಿಟ್ಟಿದ್ದ ಖಣ.

"ಇದನ್ನ ಯಾವಾಗ ತಗೊಂಡಿದ್ರಿ ಅತ್ತಿ?"

"ಗಂಟಿನ್ಯಾಗ ಇತ್ತು," ಎಂದರು. "ನಿಂದ ಅಂತ ತಿಳದ ತಗೊಂಡೆ."

ಅಂದು ಊಟಕ್ಕೆ ಕೂತಾಗ ನನ್ನ ರೊಟ್ಟಿಯ ಮೇಲೆ ತುಪ್ಪ ಹಾಕಿದರು. ಯಾಕೆ ಎಂದು ಕೇಳದೆ ತಿಂದೆ.